ಶಾಲಾ ಮಕ್ಕಳಿಗೆ ನಿರಾಶ್ರಿತರ ಬಗ್ಗೆ ಕಲಿಸುವಾಗ ಹಣ ಸಂಗ್ರಹ ಎಲ್ಲಿ ಬರಬೇಕು?

ಪ್ರಶ್ನೆ: ಸಮಾಜ ವಿಜ್ಞಾನ ಶಿಕ್ಷಕಿ, ಹಾಸನ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಾನು ಅನುದಾನಿತ ಪ್ರೌಢಶಾಲೆಯೊಂದರಲ್ಲಿ ಎಂಟು ಮತ್ತು ಒಂಬತ್ತನೆಯ ತರಗತಿಗಳಿಗೆ ಸಮಾಜ ವಿಜ್ಞಾನ ಬೋಧಿಸುತ್ತೇನೆ. ಕಳೆದ ವರ್ಷ ಜೂನ್ 20ರಂದು ವಿಶ್ವ ನಿರಾಶ್ರಿತರ ದಿನವನ್ನು ಆಚರಿಸಬೇಕೆಂದು ನಾನೇ ಉತ್ಸಾಹದಿಂದ ಮುಂದಾದೆ. ಪ್ರಾರ್ಥನಾ ಸಭೆಯಲ್ಲಿ ಐದು ನಿಮಿಷದ ಭಾಷಣ, ಆಮೇಲೆ ಏಳು ಮಕ್ಕಳ ಒಂದು ಸಣ್ಣ ರೂಪಕ, ಕೊನೆಗೆ ಸಹಾಯನಿಧಿ ಸಂಗ್ರಹ ಎಂದು ಗೊತ್ತುಮಾಡಿದ್ದೆ. ಮಕ್ಕಳು ತಾವೇ ಹರಿದ ಬಟ್ಟೆ ಹುಡುಕಿ ತಂದರು, ಮುಖಕ್ಕೆ ಇದ್ದಿಲು ಬಳಿದುಕೊಂಡರು, ಬಿಸಿಯೂಟದ ತಟ್ಟೆ ಹಿಡಿದು ಸಾಲಾಗಿ ನಡೆದರು. ನೋಡುತ್ತಿದ್ದವರು ಆ ತಟ್ಟೆಗಳಿಗೇ ಚಿಲ್ಲರೆ ಹಾಕಿದರು. ಒಟ್ಟು 1,840 ರೂಪಾಯಿ ಸೇರಿತು. ಕಾರ್ಯಕ್ರಮ ಚೆನ್ನಾಗಿತ್ತೆಂದು ಎಲ್ಲರೂ ಹೇಳಿದರು.

ಅಂದು ಮಧ್ಯಾಹ್ನ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಬಂದು, "ಮಿಸ್, ನಿರಾಶ್ರಿತರು ಅಂದರೆ ಭಿಕ್ಷುಕರಾ?" ಎಂದು ಕೇಳಿದಳು. ಅಲ್ಲ ಎಂದೆ. "ಹಾಗಾದರೆ ಯಾರು?" ಎಂಬ ಮರುಪ್ರಶ್ನೆಗೆ ನನ್ನಲ್ಲಿದ್ದ ಉತ್ತರ ಪುಸ್ತಕದ ಎರಡು ವಾಕ್ಯವಷ್ಟೇ ಆಗಿತ್ತು, ಮತ್ತು ಆ ಎರಡು ವಾಕ್ಯಕ್ಕೂ ಬೆಳಿಗ್ಗೆ ನಾನು ಆಡಿಸಿದ ರೂಪಕಕ್ಕೂ ಯಾವ ಸಂಬಂಧವೂ ಇರಲಿಲ್ಲ. ಇನ್ನೂ ನಾಚಿಕೆಯ ಸಂಗತಿಯೆಂದರೆ, ಆ ಹಣವನ್ನು ಯಾರಿಗೆ ಕಳುಹಿಸಬೇಕೆಂದು ಮೊದಲೇ ತೀರ್ಮಾನಿಸಿರಲಿಲ್ಲವಾದ್ದರಿಂದ ಅದು ಇಂದಿಗೂ ಶಿಕ್ಷಕರ ಕೊಠಡಿಯ ಬೀರುವಿನಲ್ಲಿ ಒಂದು ಲಕೋಟೆಯೊಳಗೆ ಕುಳಿತಿದೆ.

ಈ ವರ್ಷ ಇದನ್ನು ಸರಿಯಾಗಿ ಮಾಡಬೇಕೆಂಬ ಆಸೆ. ಮಕ್ಕಳು ಕೈಯಾರೆ ಮಾಡಿ ತಿಳಿಯುವಂಥ ಚಟುವಟಿಕೆಗಳು ಯಾವುವು? ಹಣ ಸಂಗ್ರಹ ಬೇಕೇ, ಬೇಡವೇ? ಬೇಕಾದರೆ ಅದು ಭಿಕ್ಷೆಯಂತೆ ಕಾಣದ ಹಾಗೆ ಮಾಡುವುದು ಹೇಗೆ? ಅನುಭವವಿರುವವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಉತ್ತರ 1: ನಿವೃತ್ತ ಶಿಕ್ಷಕ, ಪಿರಿಯಾಪಟ್ಟಣ

ಮೇಡಂ, ಆ ಹುಡುಗಿಯ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ಭಿಕ್ಷುಕರನ್ನು ಇರಿಸುವ ಸರ್ಕಾರಿ ಸಂಸ್ಥೆಯ ಹೆಸರೇ 'ನಿರಾಶ್ರಿತರ ಪರಿಹಾರ ಕೇಂದ್ರ'. ನೆರೆ ಬಂದು ಮನೆ ಕಳೆದುಕೊಂಡವರನ್ನೂ ಪತ್ರಿಕೆಗಳು ನಿರಾಶ್ರಿತರೆನ್ನುತ್ತವೆ. ಆಶ್ರಯವಿಲ್ಲದವರೆಲ್ಲರಿಗೂ ಒಂದೇ ಪದವನ್ನು ನಾವು ಬಳಸುತ್ತಿರುವಾಗ ಮಗು ಗೊಂದಲಕ್ಕೆ ಬೀಳದೆ ಇನ್ನೇನಾದೀತು? ಆದ್ದರಿಂದ ನಿಮ್ಮ ಮೊದಲ ತರಗತಿ ಈ ಪದದ ಮೇಲೆಯೇ ನಡೆಯಲಿ ಎಂಬುದು ನನ್ನ ಸಲಹೆ. ವಲಸಿಗ, ಸಂತ್ರಸ್ತ, ನಿರಾಶ್ರಿತ, ಗುಳೆ ಹೋದವರು ಎಂದು ಕಪ್ಪುಹಲಗೆಯ ಮೇಲೆ ಬರೆದು, ಒಂದು ವಾರದ ದಿನಪತ್ರಿಕೆಗಳಿಂದ ಮಕ್ಕಳು ಕತ್ತರಿಸಿ ತಂದ ಸುದ್ದಿಗಳನ್ನು ಯಾವುದರ ಕೆಳಗೆ ಅಂಟಿಸಬೇಕೆಂದು ಅವರೇ ವಾದಿಸಲಿ. ವಾದ ಒಂದು ಘಟ್ಟಕ್ಕೆ ಬಂದ ಮೇಲೆ 1951ರ ವಿಶ್ವಸಂಸ್ಥೆಯ ಒಡಂಬಡಿಕೆಯಲ್ಲಿರುವ ಅರ್ಥವನ್ನು ಹೇಳಿ: ಜನಾಂಗ, ಧರ್ಮ, ರಾಷ್ಟ್ರೀಯತೆ, ಸಾಮಾಜಿಕ ಗುಂಪು ಅಥವಾ ರಾಜಕೀಯ ಅಭಿಪ್ರಾಯದ ಕಾರಣಕ್ಕೆ ಕಿರುಕುಳಕ್ಕೆ ಒಳಗಾಗುವೆನೆಂಬ, ಆಧಾರವುಳ್ಳ ಭಯದಿಂದ ತನ್ನ ದೇಶದ ಗಡಿ ದಾಟಿ ಹೊರಗೆ ಉಳಿದಿರುವವನು, ಆ ಭಯದಿಂದಲೇ ಹಿಂತಿರುಗಲಾರದವನು. ಅವನು ಬಡವನಾಗಿರಲೇಬೇಕೆಂದು ಅಲ್ಲಿ ಎಲ್ಲಿಯೂ ಹೇಳಿಲ್ಲ. ವೈದ್ಯನಾಗಿರಬಹುದು, ಅಂಗಡಿಯ ಮಾಲೀಕನಾಗಿರಬಹುದು, ನಿಮ್ಮ ಹಾಗೆ ಶಿಕ್ಷಕಿಯಾಗಿರಬಹುದು. ಭಾರತ ಆ ಒಡಂಬಡಿಕೆಗೆ ಸಹಿ ಹಾಕಿಲ್ಲ ಎಂಬುದನ್ನೂ, ಸಹಿ ಹಾಕದೆಯೇ ಲಕ್ಷಾಂತರ ಜನರಿಗೆ ನೆಲೆ ಕೊಟ್ಟಿದೆ ಎಂಬುದನ್ನೂ ಒಟ್ಟಿಗೇ ಹೇಳಬೇಕು. ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಿದರೆ ಅದು ಅರ್ಧ ಪಾಠವಾಗುತ್ತದೆ.

ಎರಡನೆಯದಾಗಿ, ನೀವು ಹಾಸನದವರು. ಬೈಲುಕುಪ್ಪೆಗೆ ಬೆಳಿಗ್ಗೆ ಹೊರಟು ಸಂಜೆ ಹಿಂತಿರುಗಬಹುದು. ದಲೈ ಲಾಮಾ ಅವರು 1959ರ ಮಾರ್ಚ್‌ನಲ್ಲಿ ಲಾಸಾದಿಂದ ತಪ್ಪಿಸಿಕೊಂಡು ಭಾರತಕ್ಕೆ ಬಂದರು. ಅವರ ಹಿಂದೆಯೇ ಸುಮಾರು 80,000 ಟಿಬೆಟಿಯನ್ನರು ಬಂದರು. ಹಿಮಾಲಯದ ಚಳಿಗೆ ಒಗ್ಗಿದ ಆ ಜನ ಬಯಲಿನ ಶಿಬಿರಗಳ ಸೆಕೆಯಲ್ಲಿ ಕಾಯಿಲೆ ಬಿದ್ದರು. ಅವರಿಗೆ ನೆಲೆ ಕೊಡಲು ಆಗಿನ ಮೈಸೂರು ರಾಜ್ಯ ಒಪ್ಪಿತು, ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡುಭೂಮಿಯನ್ನು ಬಿಟ್ಟುಕೊಟ್ಟಿತು. ಎಸ್. ನಿಜಲಿಂಗಪ್ಪನವರ ಹೆಸರನ್ನು ದಲೈ ಲಾಮಾ ಅವರು ತಮ್ಮ ಭಾಷಣಗಳಲ್ಲಿ ಅನೇಕ ಸಲ ಕೃತಜ್ಞತೆಯಿಂದ ನೆನೆದಿದ್ದಾರೆ. ಆಮೇಲೆ ಮುಂಡಗೋಡು, ಹುಣಸೂರಿನ ಗುರುಪುರ, ಕೊಳ್ಳೇಗಾಲದ ಕಡೆಯ ಒಡೆಯರಪಾಳ್ಯಗಳಲ್ಲೂ ವಸತಿಗಳಾದವು.

ಇಷ್ಟನ್ನೂ ಯಾರಾದರೂ ಹೇಳಿಯಾರು. ನಾನು ಮಕ್ಕಳಿಂದ ಮಾಡಿಸುತ್ತಿದ್ದ ಕೆಲಸ ಬೇರೆ. ನಮ್ಮ ಶಾಲೆಯ ಮಕ್ಕಳು ಬೈಲುಕುಪ್ಪೆಯ ಆಸುಪಾಸಿನ ಹಳ್ಳಿಯವರೇ ಆಗಿದ್ದುದರಿಂದ, ಸ್ವರ್ಣ ಮಂದಿರ ನೋಡಲು ಹೋಗುವುದಕ್ಕೆ ಮೊದಲು ತಮ್ಮ ಅಜ್ಜ ಅಜ್ಜಿಯರನ್ನು ಮಾತನಾಡಿಸಿ ಬರಬೇಕೆಂದು ಹೇಳುತ್ತಿದ್ದೆ. ಅವರು ಬಂದಾಗ ನೀವು ಏನು ನೋಡಿದಿರಿ, ಏನನ್ನು ಮೊದಲು ಮಾರಿದಿರಿ, ಯಾವ ಭಾಷೆಯಲ್ಲಿ ಚೌಕಾಸಿ ಮಾಡಿದಿರಿ, ಭಯವಾಯಿತೇ, ಹೊಟ್ಟೆಕಿಚ್ಚಾಯಿತೇ? ಹೌದು, ಹೊಟ್ಟೆಕಿಚ್ಚಿನ ಮಾತನ್ನೂ ಕೇಳಿಸುತ್ತಿದ್ದೆ. ದನ ಮೇಯಿಸುತ್ತಿದ್ದ ಕಾಡು ಹೋಯಿತೆಂದು ದೂರಿದ ಅಜ್ಜನೂ ಇದ್ದ, ಕಾಡು ಕಡಿಯುವ ಕೂಲಿಯಿಂದ ಮಗಳ ಮದುವೆ ಮಾಡಿದೆನೆಂದ ಅಜ್ಜನೂ ಇದ್ದ. ಬಂದವರ ಕಥೆಯ ಜೊತೆಗೆ ಬರಮಾಡಿಕೊಂಡವರ ಕಥೆಯೂ ಸೇರಿದಾಗಲೇ ಮಕ್ಕಳಿಗೆ ಅದು ತಮ್ಮ ಊರಿನ ಚರಿತ್ರೆಯಾಗುತ್ತಿತ್ತು. ಹಣ ಸಂಗ್ರಹದ ಬಗ್ಗೆ ನನಗೆ ಹೇಳುವುದು ಹೆಚ್ಚಿಲ್ಲ, ಬಲ್ಲವರು ಬರೆಯಲಿ.

ಉತ್ತರ 2: ಪರಿಹಾರ ಶಿಬಿರಗಳಲ್ಲಿ ಕೆಲಸ ಮಾಡಿದವನು, ಬೆಂಗಳೂರು

ಹಿರಿಯರು ಹೇಳಿದ್ದಕ್ಕೆ ನನ್ನ ಒಪ್ಪಿಗೆಯಿದೆ. ಕೈಯಾರೆ ಮಾಡುವ ಚಟುವಟಿಕೆಯ ಬಗ್ಗೆ ಮಾತ್ರ ಬರೆಯುತ್ತೇನೆ, ಏಕೆಂದರೆ ವೇಷ ಹಾಕಿಸುವುದಕ್ಕಿಂತ ಅಳೆಯಿಸುವುದು ಹೆಚ್ಚು ಕಲಿಸುತ್ತದೆ ಎಂಬುದನ್ನು ನಾನು ಎರಡು ಮೂರು ಶಾಲೆಗಳಲ್ಲಿ ಕಣ್ಣಾರೆ ಕಂಡಿದ್ದೇನೆ.

ಜಗತ್ತಿನ ಪರಿಹಾರ ಸಂಸ್ಥೆಗಳು ಒಪ್ಪಿಕೊಂಡಿರುವ 'ಸ್ಫಿಯರ್' ಎಂಬ ಕನಿಷ್ಠ ಮಾನದಂಡಗಳಿವೆ. ಅದರ ಪ್ರಕಾರ ಶಿಬಿರದಲ್ಲಿರುವ ಒಬ್ಬ ಮನುಷ್ಯನಿಗೆ ಸೂರಿನ ಕೆಳಗೆ ಕನಿಷ್ಠ 3.5 ಚದರ ಮೀಟರ್ ಜಾಗ, ದಿನಕ್ಕೆ ಕನಿಷ್ಠ 15 ಲೀಟರ್ ನೀರು, ದಿನಕ್ಕೆ 2,100 ಕಿಲೋ ಕ್ಯಾಲೊರಿ ಆಹಾರ ಸಿಗಬೇಕು. ನೀರಿನ ಜಾಗ 500 ಮೀಟರಿಗಿಂತ ದೂರವಿರಬಾರದು. ಒಂದು ನಲ್ಲಿಗೆ 250ಕ್ಕಿಂತ ಹೆಚ್ಚು ಜನರಿರಬಾರದು. ಇಪ್ಪತ್ತು ಜನರಿಗಾದರೂ ಒಂದು ಶೌಚಾಲಯ ಬೇಕು. ಇವೆಲ್ಲ ಒಣ ಅಂಕಿಗಳಂತೆ ಕಾಣುತ್ತವೆ. ಈಗ ಐವರು ಮಕ್ಕಳನ್ನು ಒಂದು ಕುಟುಂಬವೆಂದು ಮಾಡಿ, ಶಾಲೆಯ ಮೈದಾನದಲ್ಲಿ ರಂಗೋಲಿ ಪುಡಿಯಿಂದ ಅವರ ಪಾಲಿನ ಜಾಗದ ಗೆರೆ ಎಳೆಯಲು ಹೇಳಿ. ಹೆಚ್ಚುಕಡಿಮೆ ಹತ್ತು ಅಡಿ ಅಗಲ, ಹತ್ತೊಂಬತ್ತು ಅಡಿ ಉದ್ದ ಬರುತ್ತದೆ. ಅದರೊಳಗೆ ಐವರೂ ಮಲಗಲಿ. ಅಜ್ಜಿಯ ಹಾಸಿಗೆ ಎಲ್ಲಿ, ಬಟ್ಟೆ ಬದಲಿಸುವುದು ಎಲ್ಲಿ, ಪರೀಕ್ಷೆಗೆ ಓದುವವಳು ದೀಪ ಎಲ್ಲಿಡಬೇಕು ಎಂದು ಅವರೇ ಜಗಳವಾಡಿಕೊಳ್ಳಲಿ. ನಾನು ನೋಡಿದ ಒಂದು ತಂಡದಲ್ಲಿ ಹತ್ತು ನಿಮಿಷ ನಗುತ್ತಿದ್ದ ಹುಡುಗಿಯರು, ಬಟ್ಟೆ ಬದಲಿಸುವ ಪ್ರಶ್ನೆ ಬಂದ ಕೂಡಲೇ ಗಂಭೀರರಾದರು. ಶಿಕ್ಷಕರು ಏನನ್ನೂ ವಿವರಿಸಬೇಕಾಗಲಿಲ್ಲ.

ನೀರಿನದೂ ಹಾಗೆಯೇ. ಮನೆಯಲ್ಲಿ ಒಂದು ದಿನ ತಾನೊಬ್ಬನೇ ಬಳಸುವ ನೀರನ್ನು ಕೊಡಪಾನದ ಲೆಕ್ಕದಲ್ಲಿ ಬರೆದು ತರಲು ಪ್ರತಿ ಮಗುವಿಗೂ ಹೇಳಿ. ಕೊಡಪಾನಕ್ಕೆ ಎಷ್ಟು ಲೀಟರ್ ಹಿಡಿಯುತ್ತದೆಂದು ಮೊದಲು ಅವರೇ ಅಳೆಯಬೇಕು. ಮರುದಿನ ಶಾಲೆಯಲ್ಲಿ ಒಬ್ಬೊಬ್ಬರ ಮುಂದೆಯೂ 15 ಲೀಟರ್ ಇಟ್ಟು, ಕುಡಿಯಲು, ಅಡುಗೆಗೆ, ಸ್ನಾನಕ್ಕೆ, ಬಟ್ಟೆಗೆ ಹಂಚಿಸಿ. ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದ ಅನುಭವವಿರುವ ಊರಿನ ಮಕ್ಕಳು ಈ ಲೆಕ್ಕದಲ್ಲಿ ನಗರದ ಮಕ್ಕಳಿಗಿಂತ ಬಹಳ ಜಾಣರಿರುತ್ತಾರೆ, ಅದನ್ನು ತರಗತಿಯಲ್ಲಿ ಬಾಯಿಬಿಟ್ಟು ಮೆಚ್ಚಿಕೊಳ್ಳಿ.

ನೋಂದಣಿಯ ಆಟ ಇನ್ನೊಂದು. ಯಾರಿಗೂ ಓದಲು ಬಾರದ ಲಿಪಿಯಲ್ಲಿ, ಬಂಗಾಳಿಯೋ ಟಿಬೆಟಿಯೋ ಆಗಬಹುದು, ಒಂದು ಅರ್ಜಿ ನಮೂನೆಯನ್ನು ಅಚ್ಚುಮಾಡಿಸಿ ಕೊಟ್ಟು, ಸಾಲಿನಲ್ಲಿ ನಿಲ್ಲಿಸಿ, ಮೇಜಿನ ಹಿಂದೆ ಕುಳಿತ ವಿದ್ಯಾರ್ಥಿಯೇ ಕಾರಣ ಹೇಳದೆ "ನಾಳೆ ಬನ್ನಿ" ಎಂದು ಹಿಂದಕ್ಕೆ ಕಳುಹಿಸಲಿ. ಸಾಕು. ಗುಂಡಿನ ಸದ್ದು, ಆಟಿಕೆ ಬಂದೂಕು, ಕಣ್ಣಿಗೆ ಬಟ್ಟೆ ಕಟ್ಟಿ ಓಡಿಸುವುದು ಯಾವುದೂ ಬೇಡವೇ ಬೇಡ. ನಿಮ್ಮ ತರಗತಿಯಲ್ಲಿಯೇ ಕಟ್ಟಡ ಕೆಲಸಕ್ಕೆ ಊರು ಬಿಟ್ಟು ಬಂದ ಕುಟುಂಬದ ಮಗುವೋ, 2018ರಲ್ಲಿ ಕೊಡಗಿನ ಗುಡ್ಡ ಕುಸಿದಾಗ ರಾತ್ರಿ ಮನೆ ಬಿಟ್ಟು ಓಡಿದ ಮಗುವೋ ಇರಬಹುದು. ಯಾರಿಗೂ ಹೇಳದೆ ಅದನ್ನು ಮೊದಲೇ ವಿಚಾರಿಸಿಟ್ಟುಕೊಳ್ಳಿ. ಆಟದ ನಡುವೆ ಹೊರಗೆ ಕುಳಿತುಕೊಳ್ಳಲು ಬಯಸುವ ಮಗುವಿಗೆ ಕಾರಣ ಕೇಳದೆ ಅವಕಾಶ ಕೊಡಿ.

ಇನ್ನು ಹಣ. ಸಂಗ್ರಹಿಸಲೇಬೇಡಿ ಎನ್ನುವವರ ಪಕ್ಷ ನನ್ನದಲ್ಲ. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಬಹುಪಾಲು ಸ್ವಯಂಪ್ರೇರಿತ ದೇಣಿಗೆಯಿಂದಲೇ ನಡೆಯುತ್ತದೆ, ದೇಣಿಗೆ ಕಡಿಮೆಯಾದ ವರ್ಷ ಶಿಬಿರಗಳಲ್ಲಿ ಪಡಿತರವೇ ಕಡಿಮೆಯಾಗುತ್ತದೆ. ಅದೇ ಸಂಸ್ಥೆಯ ಲೆಕ್ಕದಂತೆ 2024ರ ಕೊನೆಗೆ ಜಗತ್ತಿನಲ್ಲಿ ಬಲವಂತವಾಗಿ ನೆಲೆ ತಪ್ಪಿದವರು 12 ಕೋಟಿ 32 ಲಕ್ಷ. ಇವರಲ್ಲಿ ಗಡಿ ದಾಟಿದ ನಿರಾಶ್ರಿತರು 4 ಕೋಟಿ 27 ಲಕ್ಷ, ತಮ್ಮ ದೇಶದೊಳಗೇ ಚದುರಿದವರು 7 ಕೋಟಿ 35 ಲಕ್ಷ. ಹಣ ಬೇಕು. ಆದರೆ ಯಾರಿಗೆ, ಯಾವುದಕ್ಕೆ, ಎಷ್ಟು ಎಂದು ಮೊದಲೇ ಬರೆದಿಟ್ಟ ಮೇಲೆ ಸಂಗ್ರಹಿಸಬೇಕು. ನೋಂದಾಯಿತ ಸಂಸ್ಥೆಯನ್ನೇ ಆರಿಸಿ, ಬ್ಯಾಂಕ್ ಮೂಲಕವೇ ಕಳುಹಿಸಿ, ರಸೀದಿಯನ್ನು ಸೂಚನಾ ಫಲಕದಲ್ಲಿ ಹಾಕಿ. ಹಳೆಯ ಬಟ್ಟೆ ಮಾತ್ರ ಸಂಗ್ರಹಿಸಬೇಡಿ. ಕೊಡಗಿನ ಭೂಕುಸಿತದ ನಂತರ ನಾನು ಕೆಲಸ ಮಾಡಿದ ಗೋದಾಮಿನಲ್ಲಿ ಗುಂಡಿಯಿಲ್ಲದ ಅಂಗಿಗಳನ್ನೂ ಒಂಟಿ ಚಪ್ಪಲಿಗಳನ್ನೂ ಬೇರ್ಪಡಿಸುವುದರಲ್ಲಿ ನಾಲ್ವರು ಸ್ವಯಂಸೇವಕರ ಒಂದು ವಾರ ಕಳೆದುಹೋಯಿತು.

ಉತ್ತರ 3: ಪೋಷಕ, ಬಾಗಲಕೋಟೆ ನವನಗರ

ಎಲ್ಲರಿಗೂ ಶರಣು ಶರಣಾರ್ಥಿಗಳು. ಈ ಪದವನ್ನು ಬೇಕೆಂದೇ ಬಳಸಿದ್ದೇನೆ. ನಮ್ಮ ಕಡೆ ಇದು ನಮಸ್ಕಾರ. ಹಿಂದಿಯಲ್ಲಿ ಶರಣಾರ್ಥಿ ಎಂದರೆ ನಿರಾಶ್ರಿತ. ನನ್ನ ಮಗ ಹಿಂದಿ ಪಾಠದಲ್ಲಿ ಈ ಪದ ಬಂದಾಗ, "ಅಪ್ಪಾ, ನಾವು ದಿನಾ ಎಲ್ಲರಿಗೂ ಹೀಗೇ ಹೇಳುತ್ತೇವಲ್ಲ" ಎಂದು ನಕ್ಕಿದ್ದ. ಮೊದಲ ಉತ್ತರದಲ್ಲಿರುವ ಪದಗಳ ಪಾಠಕ್ಕೆ ಇದನ್ನೂ ಸೇರಿಸಿಕೊಳ್ಳಬಹುದು.

ನನ್ನ ಆಕ್ಷೇಪವೊಂದಿದೆ, ನೇರವಾಗಿ ಹೇಳುತ್ತೇನೆ. ನಾವು ಮುಳುಗಡೆಯವರು. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಮನೆ ಬಿಟ್ಟು ನವನಗರಕ್ಕೆ ಬಂದವರು. ನಮ್ಮ ಓಣಿ ಒಂದು ಕಡೆ, ನೆರೆಯವರು ಇನ್ನೊಂದು ಕಡೆ, ದೇವರ ಗುಡಿ ಮತ್ತೊಂದು ಕಡೆ ಆಯಿತು. ನಮ್ಮ ಮಕ್ಕಳ ಶಾಲೆಯಲ್ಲಿ ಇದರ ಬಗ್ಗೆ ಒಂದು ದಿನವೂ ಒಂದು ಚಟುವಟಿಕೆ ನಡೆದಿಲ್ಲ. ದೂರದ ದೇಶದ ನಿರಾಶ್ರಿತರಿಗಾಗಿ ಮಕ್ಕಳು ಡಬ್ಬಿ ಹಿಡಿಯುವಾಗ, ತಮ್ಮದೇ ಅಜ್ಜಿ ಊರು ಕಳೆದುಕೊಂಡ ಕಥೆ ಅವರಿಗೆ ಗೊತ್ತಿರುವುದಿಲ್ಲ. ಇನ್ನೊಂದು ಮಾತು: ಪ್ರತಿ ಡಿಸೆಂಬರ್ 7ರಂದು ಧ್ವಜ ದಿನಾಚರಣೆಯ ಚೀಟಿಗಳನ್ನು ನಾವೂ ಶಾಲೆಯಲ್ಲಿ ಮಾರಿದ್ದೇವೆ. ಅಂಗಿಗೆ ಚುಚ್ಚಿಕೊಂಡು ಮನೆಗೆ ಹೋದೆವು. ಆ ಹಣ ಸೈನಿಕರ ಕುಟುಂಬಗಳಿಗೆ ಹೋಗುತ್ತದೆಂದು ನನಗೆ ತಿಳಿದದ್ದು ನೌಕರಿ ಸೇರಿದ ಮೇಲೆ. ಹಣ ಕೂಡಿಸುವುದು ಸುಲಭ, ಅದಕ್ಕೇ ಶಾಲೆಗಳು ಅದನ್ನು ಮೊದಲು ಮಾಡುತ್ತವೆ.

ಹಾಗೆಂದು ನಮ್ಮನ್ನೂ ನಿರಾಶ್ರಿತರನ್ನೂ ಒಂದೇ ಎಂದು ನಾನು ಹೇಳುತ್ತಿಲ್ಲ. ನಮಗೆ ಮತದಾನದ ಚೀಟಿ ಇತ್ತು, ಪಡಿತರ ಚೀಟಿ ಇತ್ತು, ಪರಿಹಾರ ಕಡಿಮೆಯಾಯಿತೆಂದು ನ್ಯಾಯಾಲಯಕ್ಕೆ ಹೋಗುವ ದಾರಿ ಇತ್ತು, ಬೈಯುವುದಕ್ಕೆ ನಮ್ಮದೇ ಆದ ಸರ್ಕಾರ ಇತ್ತು. ಗಡಿ ದಾಟಿದವನಿಗೆ ಅದೇ ಇಲ್ಲ. ಈ ವ್ಯತ್ಯಾಸವನ್ನು ಮಕ್ಕಳಿಗೆ ತೋರಿಸಬೇಕಾದರೆ ಮುಳುಗಡೆಯ ಊರಿನವರನ್ನೂ ನಿರಾಶ್ರಿತರನ್ನೂ ಪಕ್ಕಪಕ್ಕದಲ್ಲಿಟ್ಟು ಕೇಳಿಸಬೇಕು. ಸಿಂಧನೂರಿನ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳಿವೆ. ಮನೆಯಲ್ಲಿ ಬಂಗಾಳಿ, ಶಾಲೆಯಲ್ಲಿ ಕನ್ನಡ, ಗದ್ದೆಯಲ್ಲಿ ಭತ್ತ. ನಮ್ಮ ಭಾಗದ ಶಾಲೆಗಳು ಬೈಲುಕುಪ್ಪೆಯವರೆಗೆ ಹೋಗಬೇಕಾಗಿಯೇ ಇಲ್ಲ.

ಉತ್ತರ 4: ನಿವೃತ್ತ ಅಂಚೆ ನೌಕರ, ಶಿವಮೊಗ್ಗ

ಚರ್ಚೆಯನ್ನು ಓದಿ ಒಂದು ಹಳೆಯ ಸಂಗತಿ ನೆನಪಾಯಿತು. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಸುಮಾರು ಒಂದು ಕೋಟಿ ಜನ ಪಶ್ಚಿಮ ಬಂಗಾಳ, ತ್ರಿಪುರ, ಅಸ್ಸಾಂ, ಮೇಘಾಲಯಗಳಿಗೆ ಬಂದಾಗ, ಅವರ ವೆಚ್ಚಕ್ಕಾಗಿ ಸರ್ಕಾರ ಆ ವರ್ಷದ ನವೆಂಬರ್ 15ರಿಂದ ಅಂಚೆಯ ಮೇಲೆ ಐದು ಪೈಸೆಯ ಹೆಚ್ಚುವರಿ ತೆರಿಗೆ ಹಾಕಿತು. ಲಕೋಟೆಗೆ ಮಾಮೂಲಿ ಚೀಟಿಯ ಜೊತೆಗೆ ಇನ್ನೊಂದು ಐದು ಪೈಸೆಯ ಚೀಟಿ. ವಿಶೇಷ ಚೀಟಿ ಅಚ್ಚಾಗಿ ಬರುವವರೆಗೆ ಕುಟುಂಬ ಯೋಜನೆಯ ಐದು ಪೈಸೆ ಚೀಟಿಗಳ ಮೇಲೆಯೇ 'ರೆಫ್ಯೂಜಿ ರಿಲೀಫ್' ಎಂದು ಮೇಲಚ್ಚು ಹಾಕಿ ಮಾರಲಾಯಿತು; ಕೆಲವು ಕಡೆ ರಬ್ಬರ್ ಮೊಹರನ್ನೇ ಒತ್ತಿದರು. ನಾನು ಆಗತಾನೇ ಸೇವೆಗೆ ಸೇರಿದ್ದೆ. ಕೌಂಟರಿನಲ್ಲಿ ಗೊಣಗಿದವರೂ ಇದ್ದರು, "ಎರಡು ಅಂಟಿಸಿ, ಪರವಾಗಿಲ್ಲ" ಎಂದವರೂ ಇದ್ದರು. 1973ರ ಮಾರ್ಚ್ 31ರವರೆಗೆ ಅದು ನಡೆಯಿತು. ಯುದ್ಧ ಮುಗಿದ ಮೇಲೆ ನಿರಾಶ್ರಿತರಲ್ಲಿ ಬಹುಪಾಲು ಜನ 1972ರ ಆರಂಭದ ತಿಂಗಳುಗಳಲ್ಲೇ ತಮ್ಮ ದೇಶಕ್ಕೆ ಹಿಂತಿರುಗಿದ್ದರು.

ನನ್ನ ಸಲಹೆ ಇಷ್ಟೇ. ಮನೆಯ ಹಳೆಯ ಟ್ರಂಕು, ಅಟ್ಟದ ಮೇಲಿನ ಕಾಗದದ ಕಟ್ಟುಗಳಲ್ಲಿ ಆ ಚೀಟಿ ಹಚ್ಚಿದ ಲಕೋಟೆಯನ್ನು ಹುಡುಕಿ ತರಲು ಮಕ್ಕಳಿಗೆ ಹೇಳಿ. ಒಂದು ಸಿಕ್ಕರೂ ಸಾಕು. ಮೈಸೂರು ರಾಜ್ಯದ ಯಾವುದೋ ಹಳ್ಳಿಯಿಂದ ಮಗಳಿಗೆ ಹಬ್ಬಕ್ಕೆ ಬಾ ಎಂದು ಬರೆದ ಕಾಗದವೂ ಒಂದು ಕೋಟಿ ಜನರ ಅನ್ನಕ್ಕೆ ಐದು ಪೈಸೆ ಕೊಟ್ಟಿತ್ತು ಎಂಬುದನ್ನು ಅವರು ಕೈಯಲ್ಲಿ ಹಿಡಿದು ನೋಡುತ್ತಾರೆ. ಅಲ್ಲಿ ಯಾರೂ ತಟ್ಟೆ ಹಿಡಿದಿರಲಿಲ್ಲ. ಎಲ್ಲರಿಗೂ ಒಂದೇ ಮೊತ್ತ, ಬಡವನಿಗೂ ಧಣಿಗೂ. ಇದು ನ್ಯಾಯವೇ ಎಂದು ಗಣಿತದ ಮೇಷ್ಟ್ರನ್ನೂ ಕರೆದು ಚರ್ಚೆ ಇಡಬಹುದು.

ಉತ್ತರ 5: ಬೈಲುಕುಪ್ಪೆಯಲ್ಲಿ ಹುಟ್ಟಿ ಬೆಳೆದವನು, ಈಗ ಬೆಂಗಳೂರಿನಲ್ಲಿ ಕೆಲಸ

ನಮಸ್ಕಾರ. ನನ್ನ ಕನ್ನಡ ಕುಶಾಲನಗರದ ಸಂತೆಯಲ್ಲಿ ಕಲಿತದ್ದು. ಬರೆದದ್ದನ್ನು ಗೆಳೆಯನೊಬ್ಬ ತಿದ್ದಿಕೊಟ್ಟಿದ್ದಾನೆ. ಮೊದಲ ಉತ್ತರ ಬರೆದ ಗುರುಗಳ ಊರು ನಮ್ಮ ಪಕ್ಕದ್ದೇ. ಕಾಡು ಕಡಿದ ಅಜ್ಜಂದಿರ ಮಾತು ಕೇಳಿ ನನ್ನ ಅಜ್ಜಿಯ ನೆನಪಾಯಿತು. ಡೇರೆಯ ಸುತ್ತ ರಾತ್ರಿ ಆನೆ ಬಂದಾಗ ತಗಡು ಬಡಿಯುವುದನ್ನು ಹೇಳಿಕೊಟ್ಟವರು ಅಲ್ಲಿನ ಹಳ್ಳಿಯವರೇ ಎಂದು ಅವಳು ಹೇಳುತ್ತಿದ್ದಳು.

ಶಾಲೆಯ ಬಸ್ಸುಗಳು ನಮ್ಮಲ್ಲಿಗೆ ವರ್ಷವಿಡೀ ಬರುತ್ತವೆ. ಮಕ್ಕಳು ನಮ್ಡ್ರೋಲಿಂಗ್ ಮಠದ ಬಂಗಾರದ ಮೂರ್ತಿಗಳನ್ನು ನೋಡುತ್ತಾರೆ, ಸನ್ಯಾಸಿಗಳ ಜೊತೆ ಫೋಟೊ ತೆಗೆಸಿಕೊಳ್ಳುತ್ತಾರೆ, ಮೊಮೊ ತಿನ್ನುತ್ತಾರೆ, ಹೋಗುತ್ತಾರೆ. ನಾವು ನಿರಾಶ್ರಿತರೆಂಬುದು ಅವರಿಗೆ ಗೊತ್ತಾಗುವುದೇ ಇಲ್ಲ, ಏಕೆಂದರೆ ಹರಿದ ಬಟ್ಟೆ ಅಲ್ಲಿ ಕಾಣುವುದಿಲ್ಲ. "ಇಷ್ಟು ಬಂಗಾರ ಇದೆ, ಇವರೆಂಥ ನಿರಾಶ್ರಿತರು?" ಎಂದು ಒಬ್ಬ ಶಿಕ್ಷಕರೇ ಹೇಳಿದ್ದನ್ನು ನಾನು ಕೇಳಿದ್ದೇನೆ. ನಿರಾಶ್ರಿತತನ ನನ್ನ ಅಂಗಿಯ ಮೇಲಿಲ್ಲ, ನನ್ನ ಜೇಬಿನಲ್ಲಿದೆ: ಆಗಾಗ ನವೀಕರಿಸಿಕೊಳ್ಳಬೇಕಾದ ನೋಂದಣಿ ಪ್ರಮಾಣಪತ್ರ. ನಾವು ಅದನ್ನು ಆರ್‌ಸಿ ಎನ್ನುತ್ತೇವೆ. ವಿದೇಶಕ್ಕೆ ಹೋಗಬೇಕಾದರೆ ಪಾಸ್‌ಪೋರ್ಟ್ ಅಲ್ಲ, ಹಳದಿ ಹೊದಿಕೆಯ ಗುರುತಿನ ಪುಸ್ತಕ.

ನಿಮ್ಮ ಒಂಬತ್ತನೆಯ ತರಗತಿಗೆ ಒಂದು ಲೆಕ್ಕ ಕೊಡುತ್ತೇನೆ. ಭಾರತದ ಪೌರತ್ವ ಕಾಯ್ದೆಯಂತೆ 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮೊದಲು ಇಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪೌರರು. ಆಮೇಲೆ ಹುಟ್ಟಿದವರಿಗೆ ತಂದೆ ತಾಯಿಯರಲ್ಲಿ ಒಬ್ಬರಾದರೂ ಭಾರತೀಯ ಪೌರರಾಗಿರಬೇಕು. ನನ್ನ ಅಣ್ಣ 1985ರಲ್ಲಿ ಹುಟ್ಟಿದ, ನಾನು 1990ರಲ್ಲಿ. ನಮ್ಮ ತಂದೆ ತಾಯಿ ಇಬ್ಬರೂ ಟಿಬೆಟ್‌ನಲ್ಲಿ ಹುಟ್ಟಿದವರು. ಒಂದೇ ಮನೆ, ಒಂದೇ ಶಾಲೆ, ಒಂದೇ ಜೋಳದ ಹೊಲ. ಯಾರು ಮತ ಹಾಕಬಹುದು, ಯಾರು ಹಾಕಲಾರರು ಎಂದು ಮಕ್ಕಳೇ ಕಂಡುಹಿಡಿಯಲಿ. ಪೌರತ್ವದ ಅಧ್ಯಾಯ ಇದಕ್ಕಿಂತ ಚೆನ್ನಾಗಿ ಬಾಯಿಪಾಠವಾಗುವುದಿಲ್ಲ.

ಹಣದ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ನಮಗಾಗಿ ಸಂಗ್ರಹಿಸಿ ಎಂದು ನಾನು ಕೇಳುವುದಿಲ್ಲ, ಈಗ ನಮಗಿಂತ ಕಷ್ಟದಲ್ಲಿರುವವರು ಬಹಳ ಜನ ಇದ್ದಾರೆ. ನಮ್ಮ ಹಿರಿಯರು ಭಿಕ್ಷೆ ಬೇಡಿ ನೆಲೆ ನಿಲ್ಲಲಿಲ್ಲ, ವ್ಯಾಪಾರ ಮಾಡಿ ನಿಂತರು. ಚಳಿಗಾಲದಲ್ಲಿ ನಿಮ್ಮ ಊರುಗಳಿಗೆ ಬಂದು ಸ್ವೆಟರ್ ಮಾರುತ್ತಿದ್ದ ಹೆಂಗಸರನ್ನು ನೀವು ನೋಡಿರಬೇಕು. (ಆ ಸ್ವೆಟರುಗಳಲ್ಲಿ ಹೆಚ್ಚಿನವು ಲೂಧಿಯಾನದ ಸಗಟು ಮಾರುಕಟ್ಟೆಯಿಂದ ತಂದವು. ಅಮ್ಮ ಹೆಣೆದದ್ದೆಂದು ನಂಬಿ ಕೊಂಡವರು ಕ್ಷಮಿಸಬೇಕು.) ನಿಮ್ಮ ಶಾಲೆಗಳಲ್ಲಿ ಮಕ್ಕಳ ಸಂತೆ ನಡೆಯುತ್ತದಲ್ಲ, ಸೊಪ್ಪು, ಚುರುಮುರಿ, ಮಜ್ಜಿಗೆ ಇಟ್ಟು ಮಕ್ಕಳೇ ಮಾರುವುದು? ಆ ಸಂತೆಗೆ ನಮ್ಮವರನ್ನೂ ಕರೆಯಿರಿ. ಒಂದು ಅಂಗಡಿ ನಮ್ಮದು, ಇಪ್ಪತ್ತು ಅಂಗಡಿ ನಿಮ್ಮದು. ಬಂದ ಲಾಭದಲ್ಲಿ ಎಷ್ಟು ಭಾಗ ಯಾವ ಶಿಬಿರಕ್ಕೆ ಹೋಗಬೇಕೆಂದು ಎರಡೂ ಕಡೆಯವರು ಕುಳಿತು ತೀರ್ಮಾನಿಸಲಿ. ಕೊಡುವವರ ಸಾಲಿನಲ್ಲಿ ನಿರಾಶ್ರಿತನೂ ನಿಂತಿದ್ದಾನೆ ಎಂಬುದನ್ನು ಮಕ್ಕಳು ಒಮ್ಮೆ ನೋಡಲಿ.

ಭೇಟಿಗೆ ಬಂದಾಗ ದಯವಿಟ್ಟು ವೃದ್ಧರನ್ನು "ನೀವು ಏನೇನು ಕಳೆದುಕೊಂಡಿರಿ?" ಎಂದು ಮೊದಲಿಗೇ ಕೇಳಿಸಬೇಡಿ. ಅಲ್ಲಿ ಯಾವ ಬೆಳೆ ಬೆಳೆಯುತ್ತಿದ್ದಿರಿ, ಇಲ್ಲಿ ಜೋಳ ಬೆಳೆಯಲು ಯಾರಿಂದ ಕಲಿತಿರಿ ಎಂದು ಕೇಳಿಸಿ. ಉಳಿದದ್ದನ್ನು ಅವರೇ ಹೇಳುತ್ತಾರೆ, ಹೇಳಬೇಕೆನಿಸಿದರೆ.

ಪ್ರಶ್ನೆ ಕೇಳಿದವರ ಮರುಬರಹ

ಎಲ್ಲರಿಗೂ ಧನ್ಯವಾದ. ಇಷ್ಟು ವಿವರವಾದ ಉತ್ತರಗಳು ಬಂದಾವೆಂದು ನಾನು ಎಣಿಸಿರಲಿಲ್ಲ. ಮುಖ್ಯೋಪಾಧ್ಯಾಯರೊಡನೆಯೂ ಇಬ್ಬರು ಪೋಷಕರೊಡನೆಯೂ ಮಾತನಾಡಿದ್ದೇನೆ. ಜೂನ್ 20ರ ಹೊತ್ತಿಗೆ ಶಾಲೆ ತೆರೆದು ಮೂರೇ ವಾರವಾಗಿರುತ್ತದೆ, ಪಠ್ಯಪುಸ್ತಕ ಪೂರ್ತಿ ಬಂದಿರುವುದಿಲ್ಲ, ಮೈದಾನದಲ್ಲಿ ಮಳೆ. ಆದ್ದರಿಂದ ಆ ದಿನ ಪದಗಳ ಪಾಠವನ್ನಷ್ಟೇ ಮಾಡುವುದು, ಲಕೋಟೆ ಹುಡುಕುವ ಕೆಲಸವನ್ನು ದಸರಾ ರಜೆಗೆ ಕೊಡುವುದು, ನವೆಂಬರಿನಲ್ಲಿ ಮಳೆ ನಿಂತ ಮೇಲೆ ರಂಗೋಲಿ ಪುಡಿಯ ಮನೆ ಮತ್ತು ನೀರಿನ ಲೆಕ್ಕ, ಡಿಸೆಂಬರ್ 10ರ ಮಾನವ ಹಕ್ಕುಗಳ ದಿನದ ಆಸುಪಾಸಿನಲ್ಲಿ ಮಕ್ಕಳ ಸಂತೆ ಎಂದು ಒಪ್ಪಿಗೆಯಾಗಿದೆ. ಬಾಗಲಕೋಟೆಯ ಸಹೋದರರ ಮಾತಿಗೆ ನಾನು ತಲೆಬಾಗುತ್ತೇನೆ. ನಮ್ಮ ಜಿಲ್ಲೆಯಲ್ಲೂ ಹೇಮಾವತಿ ಜಲಾಶಯಕ್ಕೆ ಮುಳುಗಿದ ಊರುಗಳಿವೆ, ನಮ್ಮ ಶಾಲೆಯ ಅಡುಗೆಯವರ ತಾಯಿಯೇ ಅಂಥ ಊರಿನವರೆಂದು ನಿನ್ನೆಯಷ್ಟೇ ತಿಳಿಯಿತು. ಅವರು ಬಂದು ಮಾತನಾಡಲು ಒಪ್ಪಿದ್ದಾರೆ.

ವೇಷಭೂಷಣ ಇರುವುದಿಲ್ಲ. ಹಣ ತರಗತಿವಾರು ಸ್ಪರ್ಧೆಯಾಗಬಾರದೆಂದೂ, ಯಾವ ಮಗುವಿನಿಂದಲೂ ಮನೆಯಿಂದ ಹಣ ತರಿಸಬಾರದೆಂದೂ, ಸಂತೆಯ ಲಾಭ ಮಾತ್ರ ನಿಧಿಗೆ ಹೋಗಬೇಕೆಂದೂ ಬರೆದಿಟ್ಟಿದ್ದೇವೆ. ಬೀರುವಿನಲ್ಲಿರುವ 1,840 ರೂಪಾಯಿಯನ್ನು ಏನು ಮಾಡಬೇಕೆಂಬುದನ್ನು ಶಾಲಾ ಸಂಸತ್ತಿಗೆ ಬಿಟ್ಟಿದ್ದೇವೆ. ಮೊದಲ ಸಭೆಯಲ್ಲಿ ಎದ್ದು ನಿಂತವಳು ಅದೇ ಹುಡುಗಿ, ಈಗ ಒಂಬತ್ತನೆಯ ತರಗತಿ. ಆ ಹಣ ಕೊಟ್ಟವರು ಯಾರಿಗೆಂದು ತಿಳಿಯದೆ ಕೊಟ್ಟಿದ್ದಾರೆ, ಅವರನ್ನು ಮತ್ತೆ ಕೇಳಬೇಕು ಎಂಬುದು ಅವಳ ವಾದ. ಸಭೆ ಇನ್ನೂ ಮುಗಿದಿಲ್ಲ.

ಬೈಲುಕುಪ್ಪೆಯ ಸಹೋದರರಲ್ಲಿ ಒಂದು ವಿನಂತಿ. ಸಂತೆಗೆ ಡಿಸೆಂಬರ್ ಎರಡನೆಯ ಶನಿವಾರ ಸೂಕ್ತವೆಂದು ನಮ್ಮವರ ಎಣಿಕೆ, ಆದರೆ ನಿಮ್ಮ ಕಡೆಯವರು ಆಗ ಸ್ವೆಟರ್ ವ್ಯಾಪಾರಕ್ಕೆ ಊರು ಬಿಟ್ಟಿರುತ್ತಾರೆಯೇ? ಹಾಗಿದ್ದರೆ ನಿಮ್ಮ ಹೊಸ ವರ್ಷದ ಲೋಸಾರ್ ಹಬ್ಬಕ್ಕೆ ಮೊದಲು, ಜನವರಿ ಕೊನೆಯ ವಾರಕ್ಕೆ ಮುಂದೂಡಬಹುದು. ತಿಳಿಸಿದರೆ ಬಸ್ಸಿಗೆ ಈಗಲೇ ಹೇಳಿಡುತ್ತೇವೆ.